ರೀಫ್ ಟ್ಯಾಂಕಿನ ಪಾಚಿಗೆ ಮೈಲುತುತ್ತು ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕುಂಬಳೆ, ಬದಿಯಡ್ಕ, ಕಾಸರಗೋಡು ಕಡೆ ಮನೆಯಲ್ಲಿ ಹವಳ, ಕಡಲ ಮೀನು ಸಾಕುವ ಉಪ್ಪುನೀರಿನ ರೀಫ್ ಟ್ಯಾಂಕ್ ಇಡುವವರು ಈಗ ಅಲ್ಲಲ್ಲಿ ಇದ್ದಾರೆ, ಅದು ಸಂತೋಷವೇ. ಆದ್ರೆ ಕಲ್ಲಿನ ಮೇಲೆ ಹಸಿರು ಕೂದಲಿನ ಹಾಗೆ ಪಾಚಿ ಬಂದ ಕೂಡ್ಲೇ ತೋಟಕ್ಕೆ ತಂದಿಟ್ಟ ಮೈಲುತುತ್ತು ಒಂದು ಚಿಟಿಕೆ ಹಾಕಿ, ಸರಿಯಾಗ್ತದೆ ಅಂತ ಹೇಳುವವರೂ ಇದ್ದಾರೆ, ಅದನ್ನು ಕೇಳಿ ಸುಮ್ನಿರ್ಲಿಕ್ಕೆ ಆಗದೆ ಬರೀತಾ ಇದ್ದೇನೆ.

ಕೊಳೆರೋಗಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ಬಿಡುವ ಅಡಿಕೆ ಬೆಳೆಗಾರರಿಗೆ ಮೈಲುತುತ್ತಿನ ಮೇಲೆ ನಂಬಿಕೆ ಇರೋದು ಸಹಜ. ಆದ್ರೆ ಅದು ತಾಮ್ರ. ಶ್ರಿಂಪ್, ಬಸವನಹುಳ, ಹವಳ ಇವಕ್ಕೆಲ್ಲ ಸ್ವಲ್ಪ ತಾಮ್ರವೇ ವಿಷ, ಮತ್ತೆ ಅದು ಕಲ್ಲು ಮರಳಲ್ಲಿ ಹಿಡ್ಕೊಂಡು ಆಮೇಲೂ ನಿಧಾನಕ್ಕೆ ನೀರಿಗೆ ಬಿಡ್ತಾ ಇರ್ತದೆ. ಮೀನಿನ ಬಿಳಿಚುಕ್ಕೆ ರೋಗಕ್ಕೆ ತಾಮ್ರ ಕೊಡ್ತಾರೆ, ಹೌದು, ಆದ್ರೆ ಕಲ್ಲು ಮರಳು ಏನೂ ಇಲ್ಲದ ಬೇರೆ ಟ್ಯಾಂಕಲ್ಲಿ, ಅದೂ ಅಳತೆ ನೋಡಿಕೊಂಡು.

ಪಾಚಿ ಬರೋದೇ ನೀರಲ್ಲಿ ನೈಟ್ರೇಟ್ ಮತ್ತೆ ಫಾಸ್ಫೇಟ್ ಇರೋದ್ರಿಂದ. ಮೀನಿಗೆ ಹಾಕಿ ಉಳಿದ ಆಹಾರ, ಮೀನಿನ ಹೊಲಸು, ನಾವು ಹಾಕುವ ನೀರು, ಎಲ್ಲದರಿಂದಲೂ ಅದು ಸೇರ್ತದೆ. ಮದ್ದು ಹಾಕಿ ಪಾಚಿ ಸತ್ರೂ ಅದು ಅಲ್ಲೇ ಕೊಳೆತು ಮತ್ತೆ ಅದೇ ನೀರಿಗೆ ಗೊಬ್ಬರ ಆಗ್ತದೆ, ಹಾಗಾಗಿ ಕೈಯಿಂದಲೇ ಕಿತ್ತು ಹೊರಗೆ ಹಾಕೋದು ಒಳ್ಳೇದು.

ನಮ್ಮೂರಿನವರು ಮುಖ್ಯವಾಗಿ ನೋಡಬೇಕಾದ್ದು ನೀರನ್ನೇ. ಕಡಲು ಹತ್ತಿರ ಉಂಟು ಅಂತ ಕ್ಯಾನಲ್ಲಿ ನೀರು ತಂದು ಹಾಕ್ತಾರೆ, ಬೇಸಿಗೆಯಲ್ಲಾದ್ರೆ ಒಂದು ಲೆಕ್ಕ, ಆದ್ರೆ ಮಳೆಗಾಲದಲ್ಲಿ ಚಂದ್ರಗಿರಿ, ಶಿರಿಯ ಹೊಳೆಗಳು ಕೆಂಪು ಮಣ್ಣು, ತೋಟದ ಗೊಬ್ಬರ ಎಲ್ಲ ಹೊತ್ತು ಕಡಲಿಗೆ ಸೇರ್ತವೆ, ಅಳಿವೆ ಹತ್ತಿರದ ನೀರಲ್ಲಿ ಉಪ್ಪೂ ಕಡಿಮೆ ಆಗ್ತದೆ. ಸಾಲಿನಿಟಿ, ಅಂದ್ರೆ ಉಪ್ಪಿನಂಶ, 35 ಪಿಪಿಟಿ (ಸಾವಿರಕ್ಕೆ 35 ಭಾಗ) ಹತ್ತಿರ ಇರಬೇಕಾದ ಟ್ಯಾಂಕಿಗೆ ಅದನ್ನು ಹಾಕಿದ್ರೆ ಹೇಗೆ? ಹಾಗೇ ಆವಿಯಾದಷ್ಟು ತುಂಬಿಸ್ಲಿಕ್ಕೆ ಬಾವಿ ನೀರು ಬೇಡ, ಕುಡಿಲಿಕ್ಕೆ ಎಷ್ಟೇ ಚೆಂದ ಇದ್ರೂ ಅದರಲ್ಲಿ ನೈಟ್ರೇಟ್, ಸಿಲಿಕೇಟ್ ಇರಬಹುದು. ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) ಸೊನ್ನೆ ತೋರಿಸುವ, ಫಿಲ್ಟರಲ್ಲಿ ಪೂರ್ತಿ ಶುದ್ಧ ಮಾಡಿದ ಆರ್‌ಓ-ಡಿಐ ನೀರೇ ಬೇಕು.

ಹೊಸ ಟ್ಯಾಂಕಲ್ಲಿ ಶುರುವಿಗೆ ಬರುವ ಕಂದು ಧೂಳಿನಂಥದ್ದು ಡಯಾಟಮ್ ಅಂತ ಒಂದು ಸೂಕ್ಷ್ಮ ಪಾಚಿ, ಹೆಚ್ಚಾಗಿ ತನ್ನಷ್ಟಕ್ಕೆ ಹೋಗ್ತದೆ, ಗಾಬರಿ ಬೇಡ. ಕೆಂಪು ಲೋಳೆ ಚಾಪೆ ಹಾಗೆ ಹರಡಿದ್ರೆ ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ, ಅದಕ್ಕೆ ಮೆಡಿಕಲ್ ಶಾಪಿನಿಂದ ಎರಿಥ್ರೋಮೈಸಿನ್ ತಂದು ಹಾಕುವವರಿದ್ದಾರೆ, ಆಂಟಿಬಯೋಟಿಕನ್ನು ಹೀಗೆ ಬಳಸೋದು ತಪ್ಪು ಅಂತಲೇ ನಾನು ಹೇಳ್ತೇನೆ. ನೀರಿನ ಓಟ ಹೆಚ್ಚು ಮಾಡಿ, ಆಹಾರ ಕಡಿಮೆ ಮಾಡಿ, ಲೋಳೆಯನ್ನು ಪೈಪಲ್ಲಿ ಎಳೆದು ತೆಗೀರಿ. ಕೂದಲು ಪಾಚಿಗೆ ಟರ್ಬೋ, ಟ್ರೋಕಸ್ ಬಸವನಹುಳ ಒಳ್ಳೇದು, ಸಂಪಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ) ಕೀಟೋಮಾರ್ಫ ಎಂಬ ಪಾಚಿ ಬೆಳೆಸಿ ರಾತ್ರಿ ಹೊತ್ತು ಲೈಟ್ ಕೊಟ್ರೆ ಅದೇ ನೈಟ್ರೇಟ್ ತಿಂದು ಬೆಳೀತದೆ. ಹಾಗಂತ ಎಲ್ಲವನ್ನೂ ಸೊನ್ನೆಗೆ ಇಳಿಸ್ಲಿಕ್ಕೂ ಹೋಗ್ಬೇಡಿ, ಆಗ ಡೈನೋಫ್ಲಾಜೆಲೇಟ್ ಅಂತ ಇನ್ನೂ ಹಠಮಾರಿ ಸೂಕ್ಷ್ಮಜೀವಿ ಬರಬಹುದು. ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗೆ ಇದ್ರೆ ಸಾಕು.

ಇನ್ನೊಂದು ವಿಷಯ, ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಶೆಡ್ಯೂಲಲ್ಲಿ ಇವೆ, ಕಡಲಿಂದ ಕಿತ್ತು ತರೋದು, ಮಾರೋದು ಅಪರಾಧ. ಟ್ಯಾಂಕ್ ಮಾರುವ ಅಂಗಡಿಯವರು ಇದನ್ನೂ ಗಿರಾಕಿಗಳಿಗೆ ಹೇಳಬೇಕು, ಬರೀ ಪಾಚಿ ಮದ್ದಿನ ಬಾಟಲಿ ಕೊಟ್ಟು ಕಳಿಸಬಾರದು.

ಈಗಾಗ್ಲೇ ಮೈಲುತುತ್ತು ಹಾಕಿ ಆಗಿದ್ರೆ ನೀರು ಬದಲಾಯಿಸ್ತಾ ಇರಿ, ಆ್ಯಕ್ಟಿವೇಟೆಡ್ ಕಾರ್ಬನ್ ಆಗಾಗ ಹೊಸದು ಹಾಕಿ, ತಾಮ್ರದ ಟೆಸ್ಟ್ ಕಿಟ್ ಮತ್ತೆ ಮತ್ತೆ ನೋಡಿದಾಗಲೂ ಸೊನ್ನೆ ತೋರಿಸುವವರೆಗೆ ದಯವಿಟ್ಟು ಒಂದೇ ಒಂದು ಶ್ರಿಂಪ್ ಕೂಡ ಬಿಡಬೇಡಿ.

ಇತಿ,
ಓರ್ವ ಓದುಗ, ನೀರ್ಚಾಲು