ಕವಾಯತು ಮೈದಾನಕ್ಕೆ ಇಳಿಯುವ ಸೇತುವೆ

ಪ್ರೀತಿಯ ಗೆಳೆಯ,

ಹೋದ ವಾರ ಎರಡು ದಿನ ರಜೆ ಹಾಕಿ ಉತ್ತರ ಐರ್ಲೆಂಡಿನ ಡೆರಿಗೆ ಹೋಗಿದ್ದೆ. ಈ ಊರಿನ ಹೆಸರು ಎತ್ತಿದರೇ ನೀನು ಯಾವ ಕಡೆಯವನು ಅಂತ ಲೆಕ್ಕ ಹಾಕುತ್ತಾರೆ. ಐರ್ಲೆಂಡಿನ ಜೊತೆ ಸೇರಬೇಕು ಅನ್ನುವವರಿಗೆ ಡೆರಿ, ಬ್ರಿಟನ್ನಿನಲ್ಲೇ ಇರಬೇಕು ಅನ್ನುವವರಿಗೆ ಲಂಡನ್‌ಡೆರಿ. ಬೆಳಗಾವಿಯವನು ನೀನು, ನಿನಗೆ ಇದನ್ನು ಬಿಡಿಸಿ ಹೇಳಬೇಕಾ!

ಊರ ನಡುವೆ ಫಾಯ್ಲ್ ನದಿ. ಪಶ್ಚಿಮ ದಡದಲ್ಲಿ ಕ್ಯಾಥೊಲಿಕ್ಕರೇ ಜಾಸ್ತಿ. ಅವರಲ್ಲಿ ಹೆಚ್ಚಿನವರು ಐರ್ಲೆಂಡಿನ ಕಡೆ, ಪ್ರಾಟೆಸ್ಟೆಂಟರಲ್ಲಿ ಹೆಚ್ಚಿನವರು ಬ್ರಿಟನ್ನಿನ ಕಡೆ. ಊರಿನ ಪ್ರಾಟೆಸ್ಟೆಂಟರಲ್ಲಿ ಬಹಳಷ್ಟು ಜನ ಪೂರ್ವದ ವಾಟರ್‌ಸೈಡ್‌ನಲ್ಲಿದ್ದಾರೆ. ಎರಡೂ ದಡ ಸೇರಿಸುವ ಪೀಸ್ ಬ್ರಿಡ್ಜ್ 2011ರ ಜೂನ್‌ನಲ್ಲಿ ತೆರೆಯಿತು. 235 ಮೀಟರ್ ಉದ್ದ, ಹಾವಿನ ಹಾಗೆ ಬಳುಕಿದೆ. ನಡೆಯುವವರಿಗೆ, ಸೈಕಲ್‌ನವರಿಗೆ ಮಾತ್ರ.

ಮೊದಲು ಸೇತುವೆ ಇರಲಿಲ್ವಾ ಅಂತ ಕೇಳ್ತೀಯಾ, ಗೊತ್ತು. ಇತ್ತು. 1933ರ ಕ್ರೇಗಾವನ್ ಸೇತುವೆ, ಎರಡು ಅಂತಸ್ತಿನದು, ಈಗಲೂ ಇದೆ. ಅದರ ತುದಿಯಲ್ಲಿ 1992ರಲ್ಲಿ ನಿಲ್ಲಿಸಿದ ಇಬ್ಬರು ಗಂಡಸರ ಪ್ರತಿಮೆ. ಒಬ್ಬರಿಗೊಬ್ಬರು ಕೈ ಚಾಚಿದ್ದಾರೆ. ಇನ್ನೇನು ಮುಟ್ಟಬೇಕು, ಮುಟ್ಟಿಲ್ಲ. ಹೊಸ ಸೇತುವೆಯನ್ನು ಕೈಕುಲುಕಿದ ಹಾಗೆ ಕಟ್ಟಿದ್ದಾರಂತೆ. ಎರಡು ವಾಲಿದ ಕಂಬ, ಒಂದೊಂದೂ ಅರ್ಧರ್ಧ ಎಳೆದು ಹಿಡಿದಿದೆ. ನನಗೆ ಕೈಗಿಂತ ಹಾಯಿದೋಣಿಯೇ ಕಂಡಿತು, ಬಿಡು.

ನನ್ನನ್ನು ನಿಲ್ಲಿಸಿದ್ದು ಸೇತುವೆ ಹೋಗಿ ಇಳಿಯುವ ಜಾಗ. ಅದು ಪೂರ್ವ ದಡದ ಎಬ್ರಿಂಗ್‌ಟನ್, ಬ್ರಿಟಿಷ್ ಸೇನೆಯ ಹಳೇ ಬ್ಯಾರಕ್. 1972ರ ಜನವರಿ 30ರಂದು ಆಚೆ ದಡದ ಬಾಗ್‌ಸೈಡ್‌ನಲ್ಲಿ ನಾಗರಿಕ ಹಕ್ಕಿನ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿದರು. ಅವತ್ತೇ 13 ಜನ ಸತ್ತರು. ಆಮೇಲೆ ಆ ದಡದವರು ಸುಮ್ನೆ ಗಾಳಿ ತಗೊಳ್ಳೋಕೆ ಬ್ಯಾರಕ್ ಕಡೆ ಬರ್ತಾರಾ? ಸೇನೆ 2003ರಲ್ಲಿ ಜಾಗ ಬಿಟ್ಟಿತು. ಕವಾಯತು ಮಾಡುತ್ತಿದ್ದ ಮೈದಾನ ಈಗ ಎಲ್ಲರದು. ನಾನು ಹೋದಾಗ ಒಂದು ಮಗು ಅಲ್ಲಿ ಸೈಕಲ್ ಕಲಿಯುತ್ತಿತ್ತು. ಅಪ್ಪ ಸೀಟು ಹಿಡಿದು ಓಡುತ್ತಿದ್ದ, ಥೇಟ್ ನಮ್ಮೂರಿನ ಹಾಗೇ.

ಎಲ್ಲಾ ಸರಿಹೋಯಿತು ಅಂದುಕೊಳ್ಳಬೇಡ. ಪಶ್ಚಿಮ ದಡದಲ್ಲೇ ಫೌಂಟನ್ ಅನ್ನುವ ಪುಟ್ಟ ಪ್ರಾಟೆಸ್ಟೆಂಟ್ ಬಡಾವಣೆ ಇದೆ. ಅದರ ಪಕ್ಕ, ಎರಡು ಕಡೆಯವರನ್ನು ಬೇರೆ ಇಡುವ ಎತ್ತರದ ಬೇಲಿ, ಗೋಡೆ. ಅದಕ್ಕೆ ಪೀಸ್ ವಾಲ್ ಅನ್ನುತ್ತಾರೆ! ಸೇತುವೆಗೂ ಶಾಂತಿಯ ಹೆಸರು, ಗೋಡೆಗೂ ಅದೇ.

ವಾಪಸ್ ಬರುವಾಗ ಮಳೆ ಹಿಡಿಯಿತು. ಛತ್ರಿ ಗಾಳಿಗೆ ಮಗುಚಿ, ಕಡ್ಡಿ ಮುರಿಯಿತು. ನೀನು ಬಂದರೆ ಛತ್ರಿ ತರಬೇಡ, ಟೋಪಿ ಇರುವ ಜಾಕೆಟ್ ತಾ.

ನಿನ್ನ ಗೆಳೆಯ