ಅಪ್ಪಾ, ಮಂಡಿಯಲ್ಲಿ ಸಾಲ ಮಾಡಬೇಡಿ

ಬರ್ಗನ್, ನಾರ್ವೆ

ತೀರ್ಥರೂಪು ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಪತ್ರ ಮೊನ್ನೆ ಕೈಸೇರಿತು. ಫೋನಿನಲ್ಲಿ ನಮ್ಮ ವೀಣಾಳ ಚಿಕಿತ್ಸೆಯ ವಿಷಯ ಎತ್ತಿದರೆ ಅಪ್ಪ ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದುಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ.

ಊರು ಹೇಗಿದೆ ಅಂತ ಅಮ್ಮ ಕೇಳಿದ್ದಳು. ಬರೀ ಮಳೆ. ವರ್ಷಕ್ಕೆ ಸುಮಾರು 90 ಇಂಚು ಬೀಳುತ್ತದೆ ಅಂತ ಇಲ್ಲಿಯವರು ಜಂಬದಿಂದ ಹೇಳುತ್ತಿದ್ದರು. ನಾನು ಆಗುಂಬೆಯ ಲೆಕ್ಕ ಹೇಳಿದ ಮೇಲೆ ಆಫೀಸಿನಲ್ಲಿ ಯಾರೂ ಆ ಮಾತು ಎತ್ತಿಲ್ಲ. ಈ ಚಳಿಯಲ್ಲೂ ಮಧ್ಯಾಹ್ನ ಕೂಸುಗಳನ್ನು ಗಾಡಿಯಲ್ಲಿ ಹೊರಗೇ ಮಲಗಿಸುತ್ತಾರೆ. ಅಮ್ಮ, ಗಾಬರಿ ಆಗಬೇಡ, ಪುಟ್ಟನಿಗೆ ಶೀತ ಆಗಿಲ್ಲ, ಗುಂಡುಗುಂಡಾಗಿದ್ದಾನೆ. ಇನ್ನೊಂದು ವಿಚಿತ್ರ, ಹುಷಾರಿಲ್ಲ ಅಂದರೆ ಮೂರು ದಿನದವರೆಗೆ ಡಾಕ್ಟರ ಚೀಟಿ ಬೇಡ. ನಾವು ಹೇಳಿದರೆ ಸಾಕು, ನಂಬುತ್ತಾರೆ! ವೀಣಾಳ ಸ್ಕೂಲಿನವರು ಅವಳನ್ನು ಹೀಗೆ ನಂಬಿದ್ದರೆ ಕೆಲಸವಾದರೂ ಉಳಿಯುತ್ತಿತ್ತು. ಇರಲಿ.

ವೀಣಾಳಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಕೊಡಿಸಲು ಬೆಂಗಳೂರಿನ ಆ ಕ್ಲಿನಿಕ್ಕಿಗೆ ನಾಲ್ಕು ಲಕ್ಷ ಕಟ್ಟಬೇಕು ಅಂತ ಅಡಿಕೆ ಮಂಡಿಯಲ್ಲಿ ಮುಂಗಡ ಕೇಳಿದ್ದೀರಂತೆ. ಸಾಲದಿದ್ದರೆ ಹೊಳೆ ಬದಿಯ ತೋಟ ಮಾರುತ್ತೀರಂತೆ. ಅಪ್ಪಾ, ದಯವಿಟ್ಟು ತಡೆಯಿರಿ. ಎಲೆಚುಕ್ಕೆ ರೋಗ ಮೇಲಿನ ತೋಟವನ್ನು ಏನು ಮಾಡಿದೆ ಅಂತ ನಿಮಗೇ ಗೊತ್ತು.

ಸ್ಟೆಮ್ ಸೆಲ್, ಅಂದರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ, ಪೂರ್ತಿ ಮೋಸ ಅಂತ ನಾನು ಹೇಳುತ್ತಿಲ್ಲ. ಕೆಲವು ರಕ್ತದ ಕಾಯಿಲೆಗಳಿಗೆ ಅದು ಒಳ್ಳೆಯ ಚಿಕಿತ್ಸೆಯೇ. ಡಾಕ್ಟರು ಎಂಇ/ಸಿಎಫ್‌ಎಸ್ ಅನ್ನುವ ವೀಣಾಳ ಈ ಸುಸ್ತಿನ ಕಾಯಿಲೆಗಲ್ಲ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು 2017ರಲ್ಲೇ ಬರೆದಿದ್ದಾರೆ. ಒಪ್ಪಿಗೆ ಇರುವ ಆ ಕೆಲವನ್ನು ಬಿಟ್ಟು ಬೇರೆ ಯಾವುದಕ್ಕೆ ಕೊಟ್ಟರೂ ಅದು ಪ್ರಯೋಗ. ನೋಂದಣಿ ಆದ ಟ್ರಯಲ್‌ನಲ್ಲೇ ಕೊಡಬೇಕು. ಟ್ರಯಲ್‌ಗೆ ಬಂದವರಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಹಾಗಾದರೆ ಈ ನಾಲ್ಕು ಲಕ್ಷ ಯಾವುದಕ್ಕೆ? ‘ನಿಮ್ಮದೇ ಮೈಯ ಕೊಬ್ಬಿನಿಂದ ತೆಗೆದದ್ದು, ತೊಂದರೆ ಏನೂ ಇಲ್ಲ’ ಅಂದರಂತೆ. ಫ್ಲೋರಿಡಾದಲ್ಲಿ ಮೂವರು ಹೆಂಗಸರು ಹಾಗೇ ತಮ್ಮದೇ ಕೊಬ್ಬಿನ ಸೆಲ್ ಕಣ್ಣಿಗೆ ಹಾಕಿಸಿಕೊಂಡು ದೃಷ್ಟಿ ಕಳೆದುಕೊಂಡರು. ದುಡ್ಡು ಕೊಟ್ಟೇ ಮಾಡಿಸಿಕೊಂಡಿದ್ದು.

ಕ್ಲಿನಿಕ್ಕಿನವರ ವಿಡಿಯೋದಲ್ಲಿ ಆ ಹುಡುಗಿ ಎದ್ದು ಓಡಾಡಿದ್ದು ಸುಳ್ಳಾ ಅಂತ ನೀವು ಕೇಳುತ್ತೀರಿ. ಸುಳ್ಳಿರಲಿಕ್ಕಿಲ್ಲ. ಅದಕ್ಕೆ ಇದೇ ಊರಿನ ಕತೆ ಕೇಳಿ. ನಾನು ದಿನಾ ಬಸ್ಸಿನಲ್ಲಿ ಹಾದುಹೋಗುವ ಹೌಕೆಲಾಂಡ್ ಆಸ್ಪತ್ರೆಯಲ್ಲಿ ಫ್ಲೂಗೆ, ಮೆಲ್ಲಾ ಅಂತ ಇಬ್ಬರು ಕ್ಯಾನ್ಸರ್ ಡಾಕ್ಟರು. ಕ್ಯಾನ್ಸರಿಗೆ ಔಷಧಿ ಕೊಟ್ಟ ಒಬ್ಬ ರೋಗಿಗೆ ಜೊತೆಗಿದ್ದ ಇದೇ ಸುಸ್ತಿನ ಕಾಯಿಲೆಯೂ ಇಳಿಯಿತು. ಆಶೆ ಹುಟ್ಟಿತು. ರಿಟುಕ್ಸಿಮಾಬ್ ಅನ್ನುವ ಔಷಧಿಯನ್ನು 30 ಜನರ ಮೇಲೆ ನೋಡಿದರು. ಔಷಧಿ ಸಿಕ್ಕ 15 ಜನರಲ್ಲಿ 10 ಜನಕ್ಕೆ ಗುಣ ಕಂಡಿತು. ಅದು 2011. ಇಲ್ಲೇ ನಿಲ್ಲಿಸಿ ಕ್ಲಿನಿಕ್ ತೆರೆದಿದ್ದರೆ ಜಗತ್ತೇ ಸಾಲು ನಿಲ್ಲುತ್ತಿತ್ತು. ಅವರು ಹಾಗೆ ಮಾಡಲಿಲ್ಲ. 151 ಜನರನ್ನು ತೆಗೆದುಕೊಂಡರು. ಅರ್ಧ ಜನಕ್ಕೆ ಔಷಧಿ, ಉಳಿದವರಿಗೆ ಔಷಧಿಯೇ ಇಲ್ಲದ ಸಲೈನ್. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ. ಎರಡು ವರ್ಷ ನೋಡಿದರು. ಔಷಧಿ ಸಿಕ್ಕವರಲ್ಲಿ ನೂರಕ್ಕೆ 26 ಜನ ಸುಧಾರಿಸಿದ್ದರು. ಬರೀ ಸಲೈನ್ ಹೋದವರಲ್ಲಿ ನೂರಕ್ಕೆ 35 ಜನ! ಗಂಭೀರ ತೊಂದರೆ ಆದವರು ಮಾತ್ರ ಔಷಧಿಯ ಕಡೆಯೇ ಜಾಸ್ತಿ. 2019ರಲ್ಲಿ ಅದನ್ನು ತಾವೇ ಪ್ರಕಟಿಸಿದರು.

ಈ ಕಾಯಿಲೆ ತಾನಾಗಿ ಸ್ವಲ್ಪ ಏರುತ್ತೆ, ಇಳಿಯುತ್ತೆ. ಇಳಿದಾಗ ಕೈಯಲ್ಲಿ ಯಾವ ಬಾಟಲಿ ಇತ್ತೋ ಅದಕ್ಕೇ ಹೆಸರು. ಆ ಕ್ಲಿನಿಕ್ಕಿನವರನ್ನು ಒಂದೇ ಪ್ರಶ್ನೆ ಕೇಳಿ. ಗುಣ ಆಗದೆ ಹೋದವರ ವಿಡಿಯೋ ಎಲ್ಲಿದೆ?

ದೊಡ್ಡಪ್ಪ ತರಿಸಿಕೊಟ್ಟ ಭಸ್ಮವನ್ನೂ ಸದ್ಯಕ್ಕೆ ನಿಲ್ಲಿಸಿ. ಅವರಿಗೆ ಬೇಜಾರಾಗದ ಹಾಗೆ ಅಮ್ಮ ಹೇಳಲಿ. ಬಾಸ್ಟನ್ನಿನ ಅಂಗಡಿಗಳಲ್ಲಿ 70 ಆಯುರ್ವೇದ ಔಷಧಿ ಕೊಂಡು ಪರೀಕ್ಷೆ ಮಾಡಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಆಯುರ್ವೇದವೇ ಬೇಡ ಅನ್ನುತ್ತಿಲ್ಲ. ಲೇಬಲ್ ಇಲ್ಲದ ಡಬ್ಬಿ ಬೇಡ, ಅಷ್ಟೇ. ಶಿವಮೊಗ್ಗಕ್ಕೆ ಹೋದಾಗ ರಕ್ತದಲ್ಲಿ ಸೀಸ ಇದೆಯಾ ನೋಡಿಸಿ, ಲಿವರ್ ಟೆಸ್ಟೂ ಮಾಡಿಸಿ. ವೀಣಾ ನನ್ನ ಹತ್ತಿರ ನಾಲ್ಟ್ರೆಕ್ಸೋನ್ ಅನ್ನುವ ಮಾತ್ರೆ ಕೇಳಿದ್ದಳು. ಸಣ್ಣ ಡೋಸಿನಲ್ಲಿ ಕೆಲವರು ತಗೋತಾರೆ, ನಿಜ. ಆದರೆ ಅವಳ ನೋವಿನ ಮಾತ್ರೆ ಟ್ರಮಡಾಲ್ ಆಗಿದ್ದರೆ ಎರಡೂ ಸೇರಬಾರದು. ಡಾಕ್ಟರನ್ನು ಕೇಳದೆ ಮುಟ್ಟಬಾರದು ಅಂತ ಹೇಳಿ.

ಚಂದ್ರು ಮಾವನಿಗೂ ಒಂದು ಮಾತು. ‘ಬೆಳಗ್ಗೆ ಎದ್ದು ವಾಕಿಂಗ್ ಹೋದರೆ ಎಲ್ಲ ಸರಿ ಹೋಗುತ್ತೆ’ ಅಂತ ಅವಳನ್ನು ಎಬ್ಬಿಸುವುದು ಬೇಡ. ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಏರಿಸುವ ಆ ಪದ್ಧತಿಯನ್ನು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2021ರಲ್ಲಿ ಬೇಡ ಅಂದಿದೆ. ಈ ಕಾಯಿಲೆಯಲ್ಲಿ ಮೈ ಮುರಿದು ಕೆಲಸ ಮಾಡಿದರೆ ಪೆಟ್ಟು ಬೀಳುವುದು ಅವತ್ತಲ್ಲ, ಮರುದಿನ ಅಥವಾ ಅದರಾಚೆ ದಿನ. ಗೌರಿ ಹಬ್ಬಕ್ಕೆ ನಿಂತು ಹೋಳಿಗೆ ಮಾಡಿ ಆಮೇಲೆ ವಾರ ಮಲಗಿದ್ದಳಲ್ಲ, ಅದು ಸೋಮಾರಿತನ ಅಲ್ಲ. ಶಕ್ತಿ ಉಳಿಯುವಾಗಲೇ ನಿಲ್ಲಿಸಬೇಕು. ಸದ್ಯಕ್ಕೆ ಇರುವ ದಾರಿ ಅದು. ಗುಣ ಮಾಡುವ ಔಷಧಿ ಯಾರ ಹತ್ತಿರವೂ ಇಲ್ಲ, ಇಲ್ಲಿಯೂ ಇಲ್ಲ. ನಿದ್ದೆಗೆ, ನೋವಿಗೆ, ತಲೆಸುತ್ತಿಗೆ ಬೇರೆಬೇರೆಯಾಗಿ ನೋಡುವ ಡಾಕ್ಟರು ಸಾಕು. ‘ಮದುವೆ ಮಾಡಿದರೆ ಸರಿ ಹೋಗುತ್ತೆ’ ಅನ್ನುವ ಅತ್ತೆಗೆ ನಾನೇ ಬೇರೆ ಬರೆಯುತ್ತೇನೆ.

ದುಡ್ಡಿನ ಚಿಂತೆ ಬೇಡವೇ ಬೇಡ. ಪ್ರತಿ ತಿಂಗಳು ಕಳಿಸುವುದನ್ನು ಸ್ವಲ್ಪ ಜಾಸ್ತಿ ಮಾಡುತ್ತೇನೆ. ನಮಗೆ ಇಲ್ಲಿ ಏನೂ ಕಷ್ಟ ಇಲ್ಲ. ಇವರ ಕೆಲಸ ಗಟ್ಟಿ ಇದೆ, ನನ್ನದೂ ಗಟ್ಟಿ ಇದೆ, ಮನೆ ಬೆಚ್ಚಗಿದೆ, ಹೊಟ್ಟೆ ತುಂಬ ಊಟ ಮಾಡುತ್ತೇವೆ, ನನ್ನ ಬೆನ್ನುನೋವೂ ಪೂರ್ತಿ ಹೋಗಿದೆ.

ಪುಟ್ಟ ಎದ್ದ, ಅಳುತ್ತಿದ್ದಾನೆ. ಭಸ್ಮದ ಡಬ್ಬಿಯ ಫೋಟೋ ಕಳಿಸಿ. ಮಂಡಿಗೆ ಹೋಗುವ ಮುಂಚೆ ಫೋನ್ ಮಾಡಿ, ರಾತ್ರಿ ಎಷ್ಟೊತ್ತಾದರೂ ಸರಿ. ವೀಣಾಳಿಗೆ ಈ ಪತ್ರ ಕೊಡಿ, ಮುಚ್ಚಿಡಬೇಡಿ.

ನಿಮ್ಮ ಮಗಳು,
ರಶ್ಮಿ