ಕಡಂಬುಟ್ಟು ಹೀರೋ ಯಾಕಾಗ್ಬಾರ್ದು?

ಸಂಪಾದಕರೇ,

ನಿಮ್ಮ ಮಕ್ಕಳ ಪುಟದ ಚಿತ್ರಗಳು ಚೆನ್ನಾಗೇ ಇರ್ತವೆ, ಆದ್ರೆ ಯಾವಾಗ್ಲೂ ಅದೇ ಬೆಟ್ಟ, ಅದೇ ಸೂರ್ಯ, ಅದೇ ಕಾವೇರಿ, ಜಾಸ್ತಿ ಅಂದ್ರೆ ಒಂದು ಆನೆ. ತಿನ್ನೋದನ್ನ ಇಟ್ಕೊಂಡು ಸ್ವಲ್ಪ ತಮಾಷೆ ಮಾಡ್ಬಾರ್ದಾ? ಜಪಾನಿನ ತಕಾಶಿ ಯನಾಸೆ 1973ರಲ್ಲಿ ಅನ್‌ಪಾನ್‌ಮ್ಯಾನ್ ಅಂತ ಚಿತ್ರಪುಸ್ತಕ ಮಾಡಿದ್ರು, ಅದ್ರ ಹೀರೋ ತಲೆನೇ ಒಂದು ಬನ್ನು, ಒಳಗೆ ಸಿಹಿ ಕಾಳಿನ ಹೂರಣ, ಹಸಿದೋರು ಸಿಕ್ರೆ ತನ್ನ ಮುಖಾನೇ ಮುರಿದು ಕೊಡ್ತಾನೆ, ಆಮೇಲೆ ಬೇಕರಿಯೋರು ಹೊಸ ತಲೆ ಬೇಯಿಸಿ ಕೂರಿಸ್ತಾರೆ! ಯನಾಸೆ ಯುದ್ಧದಲ್ಲಿ ಹಸಿವು ಕಂಡಿದ್ದೋರು, ಅದ್ಕೇ ಈ ಕಥೆ ಬರೀ ತಮಾಷೆ ಅಲ್ಲ. ದೊಡ್ಡ ಕಲಾವಿದರೂ ಬ್ರೆಡ್ ಬಿಟ್ಟಿಲ್ಲ, ಸ್ಪೇನಿನ ಡಾಲಿ 1933ರಲ್ಲಿ ಹೆಂಗಸಿನ ಪ್ರತಿಮೆ ತಲೆ ಮೇಲೆ ಉದ್ದ ಬ್ರೆಡ್ಡನ್ನ ಟೋಪಿ ತರ ಇಟ್ಟ, 1952ರಲ್ಲಿ ಫ್ರಾನ್ಸಿನ ಫೋಟೋಗ್ರಾಫರ್ ದುವಾನೋ ತೆಗೆದ ಫೋಟೋದಲ್ಲಿ ಪಿಕಾಸೊ ಮೇಜಿನ ಮುಂದೆ ಗಂಭೀರವಾಗಿ ಕೂತಿದಾನೆ, ಕೈ ಇರ್ಬೇಕಾದ ಜಾಗದಲ್ಲಿ ದಪ್ಪ ಬೆರಳಿನ ಹಾಗಿರೋ ಬನ್ನುಗಳು.

ನಮ್ಮ ಕೊಡಗಲ್ಲಿ ಇದಕ್ಕೇನು ಕಮ್ಮಿ ಹೇಳಿ. ಅಕ್ಕಿ ತರಿ ಬೇಯಿಸಿ, ಕೈಗೆ ಅಂಟ್ತಾ ಇರೋವಾಗ್ಲೇ ಉಂಡೆ ಕಟ್ಟಿ ಹಬೆಗೆ ಇಟ್ರೆ ಕಡಂಬುಟ್ಟು, ಅದಕ್ಕೆ ಎರಡು ಕಣ್ಣು ಬಿಡಿಸಿದ್ರೆ ಕಾರ್ಟೂನ್ ರೆಡಿ. ಶಾವಿಗೆ ತರದ ನೂಪುಟ್ಟಿನ ಕೂದ್ಲು, ಅಕ್ಕಿ ಒಟ್ಟಿಯ (ಅಕ್ಕಿ ರೊಟ್ಟಿ) ಗುರಾಣಿ, ತನ್ನ ಜೊತೆ ನೆಂಚ್ಕೊಂಡು ತಿನ್ನೋ ಪಂದಿಕರಿ (ಹಂದಿ ಸಾರು) ಪಾತ್ರೆ ಕಂಡ ಕೂಡ್ಲೇ ಓಟ ಕೀಳೋ ಹೀರೋ! ಅನ್ನದ ಜೊತೆ ಆಟ ಬೇಡ ಅಂತ ಹಿರಿಯರು ಬೈಬಹುದು, ಸರಿನೇ, ಆದ್ರೆ ಪೇಪರ್ ಮೇಲೆ ಬರೆದ್ರೆ ಅಕ್ಕಿ ಏನೂ ಖರ್ಚಾಗಲ್ವಲ್ಲ.

ನಮ್ಮ ಆಯುಧ ಪೂಜೆ ಹಬ್ಬ ಕೈಲ್ ಮುಹೂರ್ತದ ಟೈಮಲ್ಲಿ ಇಂಥದ್ದೊಂದು ಸ್ಪರ್ಧೆ ಇಡಿ ಸಾರ್, ಬಹುಮಾನಕ್ಕೆ ಸರ್ಟಿಫಿಕೇಟ್ ಬೇಡ, ಒಂದು ಬಾಕ್ಸ್ ಸ್ಕೆಚ್ ಪೆನ್ ಸಾಕು.

– ಒಬ್ಬ ಓದುಗ, ಗೋಣಿಕೊಪ್ಪ